ಬಾಳ್ಯಾ ಕಾಯುತ್ತಿದ್ದ ಮೂರು ಬಾಗಿಲು

ಸತ್ತ ನಾಯಿಗೆ ರೊಟ್ಟಿ ಹಾಕಲು ನೀವು ಯಾವತ್ತಾದರೂ ಬಾಗಿಲು ತೆರೆದಿದ್ದೀರಾ? ನಾನು ತೆರೆದೆ. ಹೋದ ವಾರ, ದೀಪ ಹಚ್ಚುವ ಹೊತ್ತಿಗೆ, ದಹಿಸರ್‌ನ ನಮ್ಮ ಬಿಲ್ಡಿಂಗ್‌ನಲ್ಲಿ. ಇವಳಿಗೆ ತಲೆ ಕೆಟ್ಟಿದೆ ಅಂತ ತೀರ್ಮಾನಿಸುವ ಮುಂಚೆ ಪೂರ್ತಿ ಓದಿ.

ಬಾಳ್ಯಾ ಯಾರ ನಾಯಿಯೂ ಅಲ್ಲ. ನಾವು ಧಾರವಾಡದಿಂದ ಬಂದು ಇಲ್ಲಿ ಸೇರಿದಾಗ ಗೇಟಿನ ಹತ್ತಿರ ಮರಿಯಾಗಿ ಆಡುತ್ತಿದ್ದ. (ನಮ್ಮಿಬ್ಬರ ಮೊಣಕಾಲಿಗೂ ಒಟ್ಟಿಗೇ ವಯಸ್ಸಾಯಿತು ಅನ್ನಿ.) ದಿನಾ ಸಂಜೆ ಉಗುರು ಟಕಟಕ ಅನ್ನಿಸುತ್ತ ಮೆಟ್ಟಿಲು ಹತ್ತಿ ನಮ್ಮ ಫ್ಲೋರಿಗೆ ಬರುತ್ತಿದ್ದ. ಮೊದಲು ಜುಲೇಖಾಬಿಯ ಬಾಗಿಲು, ಆಮೇಲೆ ನಮ್ಮದು, ಕೊನೆಗೆ ಸಾವಂತ್ ಕಾಕಾನದು.

ಒಂದು ಸಲ ಕೆರೆಯುವುದು, ಕೂರುವುದು. ನಮ್ಮ ಕಡೆ ಮೊದಲ ರೊಟ್ಟಿ ನಾಯಿಯ ಪಾಲು ತಾನೆ? ಅದನ್ನು ತಿಂದ ಮೇಲೇ ಮುಂದಿನ ಬಾಗಿಲು. ತೆರೆಯದಿದ್ದರೆ ಕದಲುವ ಮಾತೇ ಇಲ್ಲ. ಒಮ್ಮೆ ನಾನು ಟಿವಿ ಮುಂದೆ ಕೂತಿದ್ದಾಗ ಇಡೀ ಎಪಿಸೋಡ್ ಮುಗಿಯುವ ತನಕ ಹೊಸ್ತಿಲಲ್ಲೇ ಕೂತಿದ್ದ. ಮಹಾ ಹಟಮಾರಿ.

ಜುಲೇಖಾಬಿ ವಿಜಯಪುರದವರು, ಬ್ಲೌಸ್ ಹೊಲಿಯುತ್ತಾರೆ. ಸಾವಂತ್ ಕಾಕಾ ಮರಾಠಿಯವರು, ರಿಟೈರ್ ಆಗಿ ಒಬ್ಬರೇ ಇರುತ್ತಾರೆ. ಬಾಳ್ಯಾನನ್ನು ಕಂಡರೆ "ಚಲ್ ಹಟ್!" ಅಂತ ಗದರುತ್ತಲೇ ಅವನ ಚಪಾತಿಗೆ ತುಪ್ಪ ಸವರುತ್ತಿದ್ದರು.

ಒಂದು ಸಂಜೆ ಬಾಳ್ಯಾನಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ. ನಾನೂ ಜುಲೇಖಾಬಿಯೂ ರೊಟ್ಟಿ ಹಿಡಿದು ಕೆಳಗಿಳಿದೆವು. ಮೂಸಿದ, ತಿನ್ನಲಿಲ್ಲ. ನನ್ನ ಕೈ ಮಾತ್ರ ನೆಕ್ಕಿದ. ಬೆಳಿಗ್ಗೆ ನೋಡಿದರೆ ಹೋಗಿಬಿಟ್ಟಿದ್ದ.

ಕಾಂಪೌಂಡಿನ ಬಾದಾಮಿ ಮರದ ಕೆಳಗೆ ಮಣ್ಣು ಮಾಡಿದೆವು. ಜುಲೇಖಾಬಿ ತಮ್ಮ ಹಳೇ ಚಾದರ ಹೊದಿಸಿದರು. "ಹೋಗಿ ಬಾ ನನ್ ರಾಜಾ, ಇನ್ನ ಮೆಟ್ಟಲಾ ಹತ್ತೂದ್ ಬ್ಯಾಡ" ಅಂದರು. ನಾನು ಗಳಗಳ ಅತ್ತೆ. ಸಾವಂತ್ ಕಾಕಾ ಇಳಿದೇ ಬರಲಿಲ್ಲ. ಕಿಟಕಿಯಿಂದ ಇಣುಕಿ, "ಕುತ್ರಾಚ್ ತರ್ ಹೋತಾ" ಅಂದು ಕಿಟಕಿ ಹಾಕಿಕೊಂಡರು. ನಾಯಿ ತಾನೇ, ಅಂತ! ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೇ ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಮೊದಲನೆಯದು ತಾನಾಗೇ ಪಕ್ಕದ ತಟ್ಟೆಗೆ ಹೋಯಿತು. ನಾಯಿ ಸತ್ತಿದೆ ಅಂತ ಕೈಗೆ ಯಾರು ಹೇಳಬೇಕು?

ಆಗಲೇ ಬಾಗಿಲು ಕೆರೆದ ಸದ್ದು. ಒಂದೇ ಸಲ.

ತಟ್ಟೆ ಹಿಡಿದೇ ಹೋಗಿ ತೆರೆದೆ. ಯಾರೂ ಇಲ್ಲ. ಪ್ಯಾಸೇಜ್ ಖಾಲಿ. ಅಷ್ಟರಲ್ಲಿ ಜುಲೇಖಾಬಿಯ ಬಾಗಿಲೂ ತೆರೆಯಿತು. ಅವರ ಕೈಯಲ್ಲೂ ರೊಟ್ಟಿ!

"ಯಾ ಅಲ್ಲಾ! ಅಕ್ಕಾ, ಈಗ ನಮ್ ಬಾಗಲಾ ಕೆರದಂಗಾತು. ನಿಮ್ದೂ?"

"ಹೌದ್ರೀ. ನಿಮ್ಮದಕ್ಕಿಂತ ಮೊದಲ ನಮ್ಮದು."

"ಹಂಗ್ಯಾಂಗ? ಅಂವಾ ದಿನಾ ನಮ್ ಕಡಿಂದ ಸುರೂ ಮಾಡ್ತಿದ್ದ."

ಇವತ್ತು ಉಲ್ಟಾ ಬಂದಿದ್ದಾನೆ ಅಂದರೆ ಶುರು ಮಾಡಿದ್ದು ಎಲ್ಲಿಂದ?

ಇಬ್ಬರೂ ಸಾವಂತ್ ಕಾಕಾನ ಬಾಗಿಲು ನೋಡಿದೆವು. ಮುಚ್ಚಿತ್ತು. ಅದರ ಮುಂದೆ ಏನೂ ಇರಲಿಲ್ಲ. ಆದರೂ, ದೇವರಾಣೆ, ಹೊಸ್ತಿಲ ಮುಂದಿನ ಅಷ್ಟು ಜಾಗವನ್ನು ತುಳಿಯಲು ನಮ್ಮಿಬ್ಬರಿಗೂ ಆಗಲಿಲ್ಲ. ಪಕ್ಕಕ್ಕೆ ಸರಿದು ನಿಂತೇ ಬಾಗಿಲು ಬಡಿದೆವು.

"ಕಾಕಾ! ಓ ಕಾಕಾ!"

ಒಳಗಿನಿಂದ ನರಳುವ ದನಿ.

ನಮ್ಮ ಮನೆಯವರೂ ವಾಚ್‌ಮನ್ನೂ ಸೇರಿ ಬಾಗಿಲು ಮುರಿದರು. ಕಾಕಾ ಅಲ್ಲೇ ನೆಲದ ಮೇಲೆ ಬಿದ್ದಿದ್ದರು, ಸೊಂಟ ಮುರಿದುಕೊಂಡು. ಪಕ್ಕದಲ್ಲಿ ಒಂದು ಚಪಾತಿ. ತುಪ್ಪ ಸವರಿತ್ತು.

ಹೊತ್ತು ಮೀರಿದ್ದರೆ ಕಷ್ಟವಿತ್ತು ಅಂದರು ಡಾಕ್ಟರ್. ಮರುದಿನ ಜುಲೇಖಾಬಿಯ ಜೊತೆ ಆಸ್ಪತ್ರೆಗೆ ಹೋದಾಗ ಕೇಳಿದೆ, "ಕಾಕಾ, ದರ್ವಾಜಾ ಆಪ್‌ನೇ ಖರೋಚಾ ನಾ?" ಕೆರೆದದ್ದು ನೀವೇ ತಾನೆ ಅಂತ. ಹೌದು ಅನ್ನಲಿ ಅಂತ ಮನಸ್ಸಿನಲ್ಲೇ ಬೇಡುತ್ತಿದ್ದೆ.

ಕಾಕಾ ಇಲ್ಲ ಅಂತ ತಲೆ ಅಲ್ಲಾಡಿಸಿದರು. ಬಿದ್ದ ಮೇಲೆ ಕೈ ಎತ್ತಲೂ ಆಗಲಿಲ್ಲವಂತೆ. ಕೆರೆತ ಹೊರಗಿನಿಂದಲೇ ಬಂತಂತೆ. ತೆರೆಯಲು ಅವಸರದಿಂದ ಬರುವಾಗಲೇ ಕಾಲು ಜಾರಿತಂತೆ. ಆಮೇಲೆ ಮೆಲ್ಲಗೆ ಕೇಳಿದರು:

"ಭೂಕಾ ಗಯಾ ಕ್ಯಾ ವೋ?"

ಹಸಿದೇ ಹೋದನಾ? ಈ ಮನುಷ್ಯನ ಮೇಲಾ ನಾನು ಉರಿದುಬಿದ್ದದ್ದು! ಹೊರಗೆ ಬಂದ ಮೇಲೆ ಜುಲೇಖಾಬಿ, "ಕೆಡವಿದಾಂವನೂ ಅಂವನ, ಎಬ್ಬಿಸಿದಾಂವನೂ ಅಂವನ" ಅಂದರು.

ಆಮೇಲೆ ಕೆರೆತ ಕೇಳಿಸಿಲ್ಲ. ಆದರೂ ದೀಪ ಹಚ್ಚುವ ಹೊತ್ತಿಗೆ ನಮ್ಮ ಫ್ಲೋರಿನ ಬಾಗಿಲುಗಳು ತೆರೆಯುತ್ತವೆ. ಒಬ್ಬರ ಮುಖ ಒಬ್ಬರು ನೋಡುತ್ತೇವೆ, "ಆರಾಮ?" ಅನ್ನುತ್ತೇವೆ, ಬಾಗಿಲು ಹಾಕಿಕೊಳ್ಳುತ್ತೇವೆ. ಕಾಕಾ ಇನ್ನೂ ಆಸ್ಪತ್ರೆಯಲ್ಲಿದ್ದಾರೆ; ಮನೆಗೆ ಬಂದ ಮೇಲೆ ಅವರ ಬಾಗಿಲನ್ನು ನಾವೇ ತೆರೆಯಬೇಕು. ಮೇಲಿನ ಫ್ಲೋರಿನವರು ನಗುತ್ತಾರೆ. ನಗಲಿ ಬಿಡಿ, ಅಲ್ಲಿ ಪಕ್ಕದ ಮನೆ ಅಂದರೆ ಬರೀ ನೇಮ್‌ಪ್ಲೇಟ್.

ಅಂದ ಹಾಗೆ, ಇವತ್ತು ನಿಮ್ಮ ಬಾಗಿಲು ತೆರೆಯದಿದ್ದರೆ ಹೊರಗೆ ಕಾದು ಕೂರುವವರು ಯಾರು?