ಒಂದು ಕಣ್ಣಿಗೆ ಆನೆ, ಒಂದು ಕಣ್ಣಿಗೆ ಎಳೆ

ಎಪ್ಪತ್ತರ ದಶಕದ ಕೊನೆ. ನಾದಿನಿಯ ಕುಬಸಕ್ಕೆ, ಎಂದರೆ ಸೀಮಂತಕ್ಕೆ, ವಾರವಷ್ಟೇ ಉಳಿದಿತ್ತು. ಬಾದಾಮಿಯ ಅವಳ ಅತ್ತೆಮನೆಗೆ ನಾವು ಇಳಕಲ್ಲಿನಿಂದ ಒಯ್ಯಬೇಕಾದ ಹಸಿರು ಸೀರೆಯ ಸೆರಗಿಗೆ ಎಳೆ ಎಣಿಸಿ ಹಾಕುವ ಕಸೂತಿಯ ಆನೆ ಆಗಬೇಕಿತ್ತು. ಅದೂ ನಮ್ಮತ್ತೆಯ ಹಳೇ ಸೀರೆಯಲ್ಲಿದ್ದ ಆನೆಯೇ ಬೇಕೆಂದು ಬಸುರಿಯ ಬಯಕೆ. ಅತ್ತೆಗೆ ದಾರ ಪೋಣಿಸುವಷ್ಟೂ ಕಣ್ಣು ಕಾಣುತ್ತಿರಲಿಲ್ಲ. ನಾನೋ, ಕಾನ್ವೆಂಟಿನಲ್ಲಿ ಕರವಸ್ತ್ರಕ್ಕೆ ಗುಲಾಬಿ ಹಾಕಲು ಕಲಿತ ಹೊಸ ಸೊಸೆ. ಹಳೇ ಸೆರಗು ನೋಡಿ ಹೊಸದಕ್ಕೆ ಮರಳುವಷ್ಟರಲ್ಲಿ ಎಳೆಗಳ ಎಣಿಕೆ ತಪ್ಪುತ್ತಿತ್ತು.

ಫೋಟೋ ಸ್ಟುಡಿಯೋ ಇಟ್ಟಿದ್ದ ನಮ್ಮವರು ಆ ಆನೆಯ ಫೋಟೋ ತೆಗೆದರು. ಫಿಲ್ಮಿನ ತುಂಡನ್ನು, ಬೆಳಕು ಬರಲು ಮುಂದುಗಡೆ ತೆರೆದಿಟ್ಟ ಕರಿ ರಟ್ಟಿನ ಡಬ್ಬಿಯಲ್ಲಿ ಭೂತಗನ್ನಡಿಯ ಹಿಂದೆ ಸಿಕ್ಕಿಸಿ, ರಿಬ್ಬನ್ ಸುತ್ತಿ ನನ್ನ ಎಡಗಣ್ಣಿಗೆ ಕಟ್ಟಿದರು.

"ಎಡಗಣ್ಣಿಗೆ ಆನಿ, ಬಲಗಣ್ಣಿಗೆ ಸೀರಿ. ಎರಡೂ ಕೂಡಿ ಕಾಣ್ತಾವ. ಆನಿ ಮ್ಯಾಲ ಸೂಜಿ ಓಡಿಸಿದ್ರಾತು."

"ಗಾಣದ ಎತ್ತಿಗೆ ಕಟ್ಟಿದಂಗ ಕಟ್ಟೀಯಲ್ಲೋ!" ಎಂದರು ಅತ್ತೆ.

ಮೊದಲು ಆನೆ ಗಂಭೀರವಾಗಿ ಸೆರಗಿನ ಮೇಲೆ ಬಂದು ನಿಂತಿತು. ಅಷ್ಟರಲ್ಲೇ ಸೊಂಡಿಲು ಕರಗಿ ಅಲ್ಲಿ ಎಳೆಗಳು ಎದ್ದವು. ಎಣಿಸಹೋದರೆ ಆನೆಯ ಬೆನ್ನಷ್ಟೇ ಬಂದು ಎಳೆಗಳನ್ನು ನುಂಗಿತು. ಸೂಜಿ ಅಲ್ಲಾಡಿದರೆ ಆನೆ ಮಾಯ, ಕೈ ನಿಂತರೆ ಸೀರೆ ಮಾಯ.

"ರೀ, ಆನಿ ಕಾಲು ಎಲ್ಲಿ ಹೋದ್ವು?"

"ತಡಿ, ಬೆಳಕ ಹೆಚ್ಚ ಮಾಡ್ತೇನಿ," ಎಂದು ಕಿಟಕಿಯತ್ತ ತಿರುಗಿಸಿ ಕೂಡಿಸಿದರು. ಆನೆ ಝಗ್ಗನೆ ಬಂತು, ಸೀರೆ ಪೂರಾ ಹೋಯಿತು, ಸೂಜಿ ಬೆರಳಿಗೆ ನೆಟ್ಟಿತು.

"ಇಬ್ಬರು ವಾರಗಿತ್ತೇರನ್ನ ಒಂದ ಒಲಿ ಮುಂದ ಕುಂಡ್ರಿಸೀಯಪಾ! ಒಬ್ಬಾಕಿ ಎದ್ದು ಹೋಗೂತನಾ ರೊಟ್ಟಿ ಆಗೂದಿಲ್ಲ," ಅತ್ತೆ ನಕ್ಕರು.

ಕಸೂತಿಯ ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತೇವೆ, ಬರುವಾಗ ಬಿಟ್ಟದ್ದನ್ನು ತುಂಬುತ್ತೇವೆ. ಡಬ್ಬಿ ಕಟ್ಟಿಕೊಂಡೇ ಹಾಗೂ ಹೀಗೂ ಅಂದು ಹೋಗುವ ಸಾಲು ಮುಗಿಸಿದ್ದೆ; ಮರುದಿನ ತುಂಬುತ್ತ ಬಂದರೆ ಗೆರೆ ಕೂಡಲೇ ಇಲ್ಲ. ಕಣ್ಣುಗಳು ಕಾದಾಡಿದಲ್ಲಿ, ಹಿಂಗಾಲಿನ ಹತ್ತಿರ, ಗುಂಡನೆಯ ಗೆರೆಯೊಂದು ದಾರಿತಪ್ಪಿ ಹೊರಟಿತ್ತು. ಬಿಚ್ಚಿದರೆ ರೇಷ್ಮೆಯಲ್ಲಿ ತೂತುಗಳು ಉಳಿಯುತ್ತವೆ. ತೂತಿನ ಸೀರೆಯನ್ನು ಬಸುರಿಗೆ ಉಡಿಸುವುದು ಹೇಗೆ? ನನಗೆ ಅಳುವೇ ಬಂತು.

ಡಬ್ಬಿ ಬಿಚ್ಚಿಟ್ಟು ಎರಡೂ ಕಣ್ಣಿನಿಂದ ಆ ಗೆರೆಯನ್ನೇ ನೋಡುತ್ತ ಕುಳಿತೆ.

"ಅತ್ತಿ, ಇದಕ್ಕೊಂದು ಸಣ್ಣ ಸೊಂಡಿಲಾ ಹಚ್ಚಿದ್ರ?"

ಅತ್ತೆ ಸೆರಗನ್ನು ಮೂಗಿನ ತನಕ ಹಿಡಿದು ನೋಡಿದರು. "ಹಚ್ಚ ಯವ್ವಾ. ಮರಿ ಆಕ್ಕೇತಿ!"

ಕುಬಸದ ದಿನ ನಾದಿನಿ ಸೆರಗನ್ನು ತೊಡೆಯ ಮೇಲೆ ಹರವಿ ಬಂದವರಿಗೆಲ್ಲ ತೋರಿಸಿದಳು. "ವೈನಿ, ನಾ ಆನಿ ಅಷ್ಟ ಕೇಳಿದ್ದೆ, ನೀವು ಮರಿನೂ ತಂದೀರಿ!"

ಪಕ್ಕದ ಮನೆಯ ಮುದುಕಿಯೊಬ್ಬರು ಬಗ್ಗಿ ನೋಡಿ, "ಅವಳಿ ಜವಳಿ ಆದ್ರ ಏನ ಮಾಡ್ತೀರಿ?" ಎಂದರು.

"ಮುಂಗಾಲ ಹತ್ರ ಜಾಗಾ ಐತ್ರಿ," ಎಂದರು ನಮ್ಮತ್ತೆ.