ಕ್ಯಾಲೆಂಡರ್ ಕತ್ತರಿಸುವ ಟೀಚರ್

ರಾಯಚೂರಿನ ಬಸ್ ನಿಲ್ದಾಣದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ದೇವದುರ್ಗದ ಬಸ್ಸಿನ ಮುಂದಿನ ಸೀಟಿನಲ್ಲಿ ವಿಶಾಖಾ ಟೀಚರ್ ಹಳೆಯ ಕ್ಯಾಲೆಂಡರನ್ನು ತೊಡೆಯ ಮೇಲೆ ಹರಡಿಕೊಂಡು ಕತ್ತರಿ ಆಡಿಸುತ್ತಿದ್ದಾರೆ. ಚಿತ್ರದ ನಡುವೆ ಬಾಗಿ ನಿಂತ ಹೆಂಗಸರನ್ನಷ್ಟೇ ಬಿಡಿಸಿಕೊಂಡು, ಸುತ್ತಲಿನ ಹೊಲ, ಆಕಾಶವನ್ನೆಲ್ಲ ಕಸದಂತೆ ಚೀಲಕ್ಕೆ ತುರುಕುತ್ತಾರೆ. ಕಂಡಕ್ಟರ್ ಶಾಮೀದಸಾಬರಿಗೆ ಇದು ದಿನದ ನೋಟ. "ಟೀಚರಮ್ಮ, ಮುಂದ ರೋಡ್ ಕೆಟ್ಟದ. ಬೆರಳು ಜ್ವಾಕಿ" ಎನ್ನುತ್ತಾ ಉಚಿತ ಟಿಕೆಟ್ ಕೈಗಿಡುತ್ತಾರೆ.

ಜಾಲಹಳ್ಳಿ ಸಮೀಪದ ಸರ್ಕಾರಿ ಪ್ರೌಢಶಾಲೆಯಲ್ಲಿ ಇವರು ಚಿತ್ರಕಲೆ ಕಲಿಸುತ್ತಾರೆ. ಕಲಿಸುವ ರೀತಿ ಇಷ್ಟೇ: ಕತ್ತರಿಸಿದ ತುಂಡನ್ನು ಬಿಳಿ ಹಾಳೆಯ ನಡುವೆ ಅಂಟಿಸಿ ಕೊಡುವುದು, ಸುತ್ತ ಏನಿರಬೇಕೋ ಅದನ್ನು ಮಕ್ಕಳೇ ಬರೆಯುವುದು. ಚಿತ್ರಗಳೆಲ್ಲ ಒಬ್ಬರವೇ. ಮಾನ್ವಿಯ ಅಕ್ಕಿ ಗಿರಣಿ ಮನೆತನದ ಅನುರಾಧಾ ಈಗ ದೊಡ್ಡ ದೊಡ್ಡ ಊರುಗಳಲ್ಲಿ ಪ್ರದರ್ಶನ ಮಾಡುವ ಕಲಾವಿದೆ. ಅವರ ಅಣ್ಣನ ಗಿರಣಿ ಪ್ರತಿವರ್ಷ ಅವರ ಚಿತ್ರಗಳ ಕ್ಯಾಲೆಂಡರ್ ಹಂಚುತ್ತದೆ. ಮಾನ್ವಿ, ದೇವದುರ್ಗದ ಕಡೆ ಅದು ತೂಗದ ಗೋಡೆ ಕಡಿಮೆ. ವರ್ಷ ಮುಗಿದದ್ದನ್ನು ಮಕ್ಕಳು ತಂದು ಟೀಚರ್ ಕೈಗೆ ಕೊಡುತ್ತಾರೆ.

ಟೀಚರ್ ಬಗ್ಗೆ ಪತ್ರಿಕೆಗೆ ಬರೆಯಲೆಂದು ಪಕ್ಕದಲ್ಲಿ ಕುಳಿತಿರುವ ನಾನು, ಸತ್ತು ಹೆಸರಾದ ಕಲಾವಿದರನ್ನು ಬಿಟ್ಟು ಇವರನ್ನೇ ಯಾಕೆ ಹಿಡಿದಿರಿ ಎಂದು ಕೇಳುತ್ತೇನೆ. "ಸತ್ತೋರ ಚಿತ್ರ ತೋರಿಸಿದ್ರ ಮಕ್ಕಳು ಸುಮ್ಮ ಕೈ ಮುಗೀತಾವ್ರೀ. ಬದುಕಿರೋರದು ಅಂದ್ರ ಜಗಳಕ್ಕ ಬರ್ತಾವ. ಜಗಳ ತೆಗದ್ರನ ಕಣ್ಣು ತೆರಿಯೋದು."

ಹಾಗಾದರೆ ಅನುರಾಧಾ ಅವರ ಬಗ್ಗೆ ಬಹಳ ಅಭಿಮಾನ ಅನ್ನಿ, ಎನ್ನುತ್ತೇನೆ. ಲೇಖನಕ್ಕೆ ಒಂದು ಒಳ್ಳೆಯ ಮಾತು ಸಿಕ್ಕೀತೆಂಬ ಆಸೆ ನನ್ನದು. ಟೀಚರ್ ಕತ್ತರಿ ನಿಲ್ಲಿಸುತ್ತಾರೆ.

"ಅಭಿಮಾನ ಅಲ್ರೀ, ಹೊಟ್ಟಿಕಿಚ್ಚು. ನಾವಿಬ್ಬರೂ ರಾಯಚೂರಾಗ ಒಂದೇ ಕ್ಲಾಸಿನ್ಯಾಗ ಚಿತ್ರ ಕಲ್ತೋರು. ಆಕಿ ಎಲ್ಲಿ ಹೋದ್ಲು, ನಾ ಎಲ್ಲಿ ಕುಂತೀನಿ ನೋಡ್ರಿ. ಚಿತ್ರ ಕೆಟ್ಟದಾಗಿ ತೆಗದಿದ್ರ ಬೈಕೋಂತ ಆರಾಮ ಇರ್ತಿದ್ದೆ. ಚಲೋ ತೆಗೀತಾಳ. ಅದಽ ನನ್ನ ಸಂಕಟ."

ಸಂಕಟದ ಬೇರು ಆಗಸ್ಟ್ ತಿಂಗಳ ಹಾಳೆಯಲ್ಲಿದೆ. ನೆಲ್ಲು ನಾಟಿ ಮಾಡುವ ಹೆಂಗಸರ ಆ ಚಿತ್ರವೇ ಅನುರಾಧಾಗೆ ಮೊದಲ ಬಹುಮಾನ ತಂದದ್ದು. ಕಲಿಯುವ ದಿನಗಳಲ್ಲಿ ಯಾಪಲದಿನ್ನಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಸಾಲನ್ನು ಕಂಡು, ಮನೆಗೆ ಬಂದು ಪೆನ್ಸಿಲ್‌ನಲ್ಲಿ ಗೀಚಿದವರು ವಿಶಾಖಾ. ಗೆಳತಿಗೆ ತೋರಿಸಿದರು. ಮರುವರ್ಷ ಅದೇ ಸಾಲು, ಅದೇ ಬಾಗು, ಅದೇ ಗದ್ದೆ, ಗೆಳತಿಯ ಬಣ್ಣದಲ್ಲಿ ಪ್ರದರ್ಶನದ ಗೋಡೆ ಏರಿತ್ತು. "ಯಾರಿಗೆ ಹೇಳ್ಲಿ? ಗಿರಣಿಯೋರ ಮಗಳ ಮ್ಯಾಲ ಹೇಳಿದ್ರ ನನ್ನ ಮಾತು ಯಾರು ನಂಬ್ತಿದ್ರು? ಆವಾಗಿಂದ ನುಂಗಿಕೊಂಡೀನಿ."

ಕಳೆದ ತಿಂಗಳು ಇದೇ ಚಿತ್ರದ ತುಂಡುಗಳನ್ನು ಎಂಟನೇ ತರಗತಿಗೆ ಕೊಟ್ಟರಂತೆ. ಮಕ್ಕಳು ಬರೆದ ಹಾಳೆಗಳಲ್ಲಿ ನಾಟಿಯಾದ ಹಸಿರು ಸಾಲುಗಳು ಹೆಂಗಸರ ಮುಖದ ಮುಂದಿದ್ದವು, ಬರೀ ಕೆಸರು ಬೆನ್ನ ಹಿಂದೆ. ಕ್ಯಾಲೆಂಡರಿನಲ್ಲಿರುವುದು ಉಲ್ಟಾ. ಟೀಚರ್ ಸಿಟ್ಟಿಗೆದ್ದು, ಮನೆಯಲ್ಲಿ ತೂಗುಹಾಕಿಕೊಂಡೂ ನೋಡಿಲ್ಲವೇ ಎಂದು ಗದರಿದರು. ತಾಯಿಯ ಜೊತೆ ಗದ್ದೆಗೆ ಹೋಗಿ ಬಂದ ಹುಡುಗಿ ಬೂದೆಮ್ಮ ಎದ್ದು ನಿಂತಳು: "ನೋಡೀವ್ರೀ ಟೀಚರ್. ಅದಽ ತಪ್ಪದ. ನಾಟಿ ಹಚ್ಚೋರು ಹಿಂದಕ್ಕ ಸರಕೋಂತ ಬರ್ತಾರ. ಮುಂದಕ್ಕ ನಡದ್ರ ಹಚ್ಚಿದ ಸಸಿ ತಾವಽ ತುಳೀತಾರಲ್ರೀ!"

ಇದನ್ನು ಹೇಳುತ್ತಾ ಟೀಚರ್‌ಗೆ ತಮ್ಮ ತಾಯಿಯ ನೆನಪಾಗುತ್ತದೆ. "ನಮ್ಮವ್ವ ಅಮರಮ್ಮನೂ ಆಂಧ್ರದೋರ ಕ್ಯಾಂಪಿನ ಗದ್ದ್ಯಾಗ ನಾಟಿ ಹಚ್ಚಿದಾಕಿ. ಈ ಕ್ಯಾಲೆಂಡರ್ ನೋಡಿ ಒಮ್ಮಿ ಗಕ್ಕನ ನಕ್ಕಿದ್ಲು. ಚಂದ ಅದ ಅಂತ ನಕ್ಕಾಳಂತ ತಿಳಕೊಂಡು ಇನ್ನಾ ಉರಕೊಂಡೆ" ಎಂದು ಟೀಚರ್ ನಗುತ್ತಾರೆ. ಇವತ್ತಿನ ಆತುರ ಬೇರೆ. ಶಾಲೆಯ ಚಿತ್ರ ಪ್ರದರ್ಶನಕ್ಕೆ ಅನುರಾಧಾ ಅವರೇ ಅತಿಥಿಯಾಗಿ ಬರುತ್ತಿದ್ದಾರೆ. ಕ್ಯಾಲೆಂಡರಿನ ಪಕ್ಕಕ್ಕೇ ಮಕ್ಕಳ ಹಾಳೆಗಳನ್ನು ನಿನ್ನೆಯೇ ಅಂಟಿಸಿ ಬಂದಿದ್ದಾರೆ ಟೀಚರ್. "ಎಲ್ಲಾರ ಮುಂದ ಆಕಿ ಮುಖ ನೋಡಬೇಕ್ರೀ ನಾನು."

ನನ್ನ ಬಾಯಿ ಸುಮ್ಮನಿರುವುದಿಲ್ಲ. ಚಿತ್ರ ನಿಮ್ಮದಾದರೆ ತಪ್ಪೂ ನಿಮ್ಮದೇ ಆಗಬೇಕಲ್ಲ, ಎನ್ನುತ್ತೇನೆ. ಬಸ್ ದೇವದುರ್ಗ ಮುಟ್ಟುವವರೆಗೂ ಅವರು ನನ್ನ ಕಡೆ ತಿರುಗುವುದಿಲ್ಲ. ಗೆಳತಿಯ ತಪ್ಪಿಗೆ ನಕ್ಕರೆ ಚಿತ್ರ ತನ್ನದೆನ್ನುವಂತಿಲ್ಲ. ತನ್ನದೆಂದರೆ ನಗುವಂತಿಲ್ಲ.

ಶಾಲೆಗೆ ಅನುರಾಧಾ ಕಾರಿನಲ್ಲಿ ಬರುತ್ತಾರೆ. ಮಕ್ಕಳು ಅವರ ಹಿಂದೆ ಬೀಳುತ್ತಾರೆ, ಟೀಚರ್ ಅಂಟು ಹತ್ತಿದ ಕೈಯಲ್ಲಿ ಬಾಗಿಲಲ್ಲೇ ನಿಲ್ಲುತ್ತಾರೆ. ಅವರ ಮುಖ ಸಣ್ಣದಾಗುವುದು ನನಗೆ ಕಾಣುತ್ತದೆ. ಅತಿಥಿ ಒಂದೊಂದೇ ಹಾಳೆ ನೋಡುತ್ತಾ ಆಗಸ್ಟಿನ ಮುಂದೆ ಬಂದು ನಿಲ್ಲುತ್ತಾರೆ. ಬೂದೆಮ್ಮ ಕಾದೇ ಇದ್ದಾಳೆ.

"ಮೇಡಂ, ಯಾಕ್ರೀ ಉಲ್ಟಾ ತೆಗದೀರಿ?"

ಮುಖ್ಯಗುರುಗಳು ಹುಡುಗಿಯತ್ತ ಕಣ್ಣು ಕೆಕ್ಕರಿಸುತ್ತಾರೆ. ಅನುರಾಧಾ ಮಕ್ಕಳ ಹಾಳೆ ನೋಡುತ್ತಾರೆ, ತಮ್ಮ ಚಿತ್ರ ನೋಡುತ್ತಾರೆ, ಕಿವಿಯವರೆಗೂ ಕೆಂಪಾಗುತ್ತಾರೆ. ಟೀಚರ್ ಕಾದಿದ್ದ ಗಳಿಗೆ ಇದೇ.

"ಆಕಿನ್ನ ಕೇಳಬ್ಯಾಡ ಬೂದೆಮ್ಮ" ಎನ್ನುತ್ತಾರೆ ವಿಶಾಖಾ. "ತಪ್ಪು ನಂದು. ಆ ಹೆಣ್ಮಕ್ಕಳನ್ನ ಮೊದಲು ತೆಗದಾಕಿ ನಾನು. ಬಸ್ಸಿನ್ಯಾಗ ಕುಂತು ನೋಡಿದ್ದೆ. ಗದ್ದಿಗಿ ಇಳಿದಿದ್ದಿಲ್ಲ."

ಮಕ್ಕಳ ತಲೆಗಳೆಲ್ಲ ಒಮ್ಮೆಲೇ ಟೀಚರ್ ಕಡೆ ತಿರುಗುತ್ತವೆ. ಅನುರಾಧಾ ಆಗಸ್ಟ್ ಹಾಳೆಯ ಮೇಲೆ ಬೆರಳಿಡುತ್ತಾರೆ. "ಖರೇ ಅದ. ವಿಶಾಖಾನ ಚಿತ್ರ ನೋಡೇ ನಾನು ತೆಗದಿದ್ದು" ಎನ್ನುತ್ತಾರೆ. ದನಿ ದೊಡ್ಡದಲ್ಲ, ಆದರೂ ಹಿಂದಿನ ಸಾಲಿನವರೆಗೆ ಕೇಳುತ್ತದೆ. "ಇವತ್ತಿನವರೆಗೂ ಎಲ್ಲೂ ಹೇಳಿರಲಿಲ್ಲ."

ಆಮೇಲೆ ಚಹಾ, ಫೋಟೊ, ಸಹಿಗಾಗಿ ನೂಕುನುಗ್ಗಲು. ಸಹಿಗೆ ಮಕ್ಕಳು ಮುತ್ತಿದ್ದು ಅನುರಾಧಾ ಅವರನ್ನೇ. ಟೀಚರ್ ಅದನ್ನು ಓರೆಗಣ್ಣಿನಲ್ಲಿ ನೋಡುತ್ತಾ ಹಾಳೆಗಳನ್ನು ಬಿಡಿಸಿ ಜೋಡಿಸುತ್ತಾರೆ. ನಗುವ ಅವಕಾಶ ಕೈಬಿಟ್ಟಿರಲ್ಲ ಎಂದು ಕೆಣಕುತ್ತೇನೆ.

"ಚಿತ್ರ ನಂದಂತ ಹೇಳಾಕ ಇಷ್ಟು ವರ್ಷ ಧೈರ್ಯ ಬಂದಿದ್ದಿಲ್ರೀ. ತಪ್ಪು ಸಿಕ್ಕ ಮ್ಯಾಲ ಬಂತು."

ಹೊಟ್ಟೆಕಿಚ್ಚು ಈಗಲಾದರೂ ಆರಿತೇ?

"ಎಲ್ಲಿಂದ ಆರ್ತದ! ಆ ಕೆಸರಿನ ಬಣ್ಣ ನೋಡ್ರಿ, ಹೆಂಗ ಹಚ್ಚ್ಯಾಳ." ಅವರು ಆಗಸ್ಟ್ ಹಾಳೆಯನ್ನು ಕತ್ತರಿಸದೆ ಸುರುಳಿ ಸುತ್ತಿ ಚೀಲಕ್ಕಿಡುತ್ತಾರೆ. "ಈ ಸಲ ನಾಟಿ ಹೊತ್ತಿಗೆ ಬೂದೆಮ್ಮನ ಅವ್ವನ ಕೂಡ ಗದ್ದಿಗಿ ಇಳೀತೀನಿ. ಸಸಿ ಹಚ್ಚಿ ಬಂದು ಆ ಚಿತ್ರಾನ ಮತ್ತ ತೆಗೀಬೇಕು. ಸುಮ್ಮ ಚಂದ ಅಲ್ಲ, ಆಕಿಗಿಂತ ಚಂದ."