ಬೇಡ ಅನ್ನಬೇಕಾಗಿತ್ತು

ನನ್ನ ತಮ್ಮ ಲೈಲ್‌ನಷ್ಟು ಸಂಕೋಚದ ಮನುಷ್ಯ ನಾರ್ತ್ ಡಕೋಟಾದಲ್ಲೇ ಇಲ್ಲ ಎಂದರೆ ಊರವರು ನಕ್ಕಾರು, ಇಲ್ಲಿ ಎಲ್ಲರೂ ಹಾಗೆಯೇ. ಕಾಫಿ ಬೇಕಾ ಎಂದು ಕೇಳಿದರೆ ಮೊದಲು ಬೇಡ ಅನ್ನಬೇಕು. ಎರಡನೇ ಸಲವೂ ಬೇಡ. ಮೂರನೇ ಸಲಕ್ಕೆ ‘ಅರ್ಧ ಲೋಟ ಸಾಕು’ ಎಂದು ಪೂರ್ತಿ ಕುಡಿಯಬೇಕು. ಮೊದಲ ಸಲಕ್ಕೇ ಹೂಂ ಅಂದವರನ್ನು ನಮ್ಮಮ್ಮ ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದಳು.

ಲೈಲ್‌ನ ಇಬ್ಬರು ಗಂಡುಮಕ್ಕಳೂ ಅಕ್ಟೋಬರಿನ ಒಂದು ಮಧ್ಯಾಹ್ನ ಸೂರ್ಯಕಾಂತಿ ಬೀಜದ ಕಣಜದಲ್ಲಿ ಹೂತುಹೋದರು. ಕಿರಿಯವನು ಕುಸಿದ, ಎಳೆಯಲು ಹಿರಿಯವನು ಇಳಿದ. ಒಬ್ಬನಿಗೆ ಹನ್ನೊಂದು, ಇನ್ನೊಬ್ಬನಿಗೆ ಹದಿನಾಲ್ಕು. ಕಣಜದ ತಗಡು ಕತ್ತರಿಸಿ ಹೊರಗೆ ತೆಗೆದ ಮೇಲೆ ಡಾಕ್ಟರ್ ರೂಡ್ ಅಂಗಳದ ಮಣ್ಣಿನಲ್ಲಿ ಮಂಡಿಯೂರಿ ಒಂದು ಗಂಟೆ ಅವರ ಎದೆ ಒತ್ತಿದರು. ಸಾಕು ಎಂದು ಅವರ ಭುಜ ಹಿಡಿದು ಎಬ್ಬಿಸಿದವನು ಲೈಲೇ.

ರೂಡ್ ನಮ್ಮೂರ ಪುಟ್ಟ ಆಸ್ಪತ್ರೆಗೆ ಇದ್ದ ಒಬ್ಬರೇ ಸರ್ಜನ್. ಇಪ್ಪತ್ತೆರಡು ವರ್ಷ ಅವರ ಕೋಣೆಯ ಮುಂದಿನ ಮೇಜಿನಲ್ಲಿ ಕೂತು ರೋಗಿಗಳ ಕಡತ ನೋಡಿಕೊಂಡವಳು ನಾನು. ಕಿರಿಯವನು ಹುಟ್ಟಿದಾಗ ‘ಎರಡು ಸಾಕು’ ಎಂದ ಲೈಲ್‌ಗೆ ವ್ಯಾಸೆಕ್ಟಮಿ ಮಾಡಿದ್ದೂ ಅವರೇ.

ಒಂದು ವರ್ಷ ಕಳೆದ ಮೇಲೆ ಅವನ ಹೆಂಡತಿ ಕ್ರಿಸ್ಟಾ ಬಾಯಿ ಬಿಟ್ಟಳು. ಕೌದಿ ಹೊಲಿದು ಮಾರುವವಳು, ಮಾತು ಕಮ್ಮಿ.

“ನಂಗೆ ಮೂವತ್ತೊಂಬತ್ತು, ಅಕ್ಕ. ಆ ಹುಡುಗ್ರ ಬದಲಿಗೆ ಅಂತಲ್ಲ. ಮನೇಲಿ ಯಾರಾದ್ರೂ ಗಲಾಟೆ ಮಾಡ್ಬೇಕು.”

ಹತ್ತಾರು ಕಡೆ ಫೋನು ಮಾಡಿ, ಕತ್ತರಿಸಿದ ವೀರ್ಯನಾಳವನ್ನು ಮತ್ತೆ ಜೋಡಿಸುವ ಮಿನಿಯಾಪೊಲಿಸ್‌ನ ಒಬ್ಬ ಸರ್ಜನ್‌ನನ್ನು ಅವಳು ಹುಡುಕಿಟ್ಟಿದ್ದಳು. “ವಾರಕ್ಕೆ ಎರಡು ಇಂಥವೇ ಮಾಡ್ತಾರಂತೆ. ಮೈಕ್ರೋಸ್ಕೋಪ್ ಕೆಳಗೆ, ಕೂದಲಿಗಿಂತ ಸಣ್ಣ ದಾರದಲ್ಲಿ. ನಾಳದೊಳಗಿನ ದ್ರವದಲ್ಲಿ ವೀರ್ಯಾಣು ಇದ್ಯಾ ಅಂತ ಅಲ್ಲೇ ನೋಡ್ತಾರೆ. ಇಲ್ದಿದ್ರೆ ಇನ್ನೂ ಒಳಗಡೆ ಜೋಡಿಸ್ಬೇಕಂತೆ. ಮೊದಲ್ನೇ ಸಲಾನೇ ಸರಿಯಾಗ್ಬೇಕು ಅಂದ್ರು.”

ಸುದ್ದಿ ಕಾಳು ಮಂಡಿಯ ಕಾಫಿ ಮೇಜಿಗೂ ಮುಟ್ಟಿತು. “ಲೈಲ್, ಜೋಡ್ಸೋಕೆ ಬೇಲಿ ತಂತಿ ಬೇಕಾದ್ರೆ ನಮ್ಮನೇಲಿ ಉಳಿದಿದೆ ಕಣೋ,” ಎಂದ ಪಕ್ಕದ ಹೊಲದ ಗಾರ್ಡಿ. ಲೈಲ್ ನಕ್ಕನಂತೆ. ಹುಡುಗರು ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಕೇಳಿ ನಾನು ಅತ್ತೆ.

ಹಳೆಯ ಆಪರೇಷನ್ನಿನ ಕಾಗದಪತ್ರ ತೆಗೆದುಕೊಂಡು ಹೋಗಲು ಲೈಲ್ ಆಸ್ಪತ್ರೆಗೆ ಬಂದ. ರೂಡ್ ಹೊರಗೆ ಬಂದು ವಿಷಯ ಕೇಳಿದರು. ಕೈ ಒರೆಸಿಕೊಂಡರು.

“ನಾನೇ ಮಾಡ್ಲಾ, ಲೈಲ್? ಕತ್ತರಿಸಿದವನು ನಾನೇ ತಾನೆ.”

ಲೈಲ್ ಆ ಕೈಗಳನ್ನೇ ನೋಡಿದ. “ಆಗ್ಲಿ, ಡಾಕ್ಟ್ರೇ.”

ಮೊದಲ ಸಲಕ್ಕೇ ಹೂಂ ಅಂದುಬಿಟ್ಟ. ಅವನು ಹೋದ ಮೇಲೆ ರೂಡ್ ನನ್ನ ಮೇಜಿನ ಮುಂದೆ ಬಂದು ನಿಂತರು. “ಬೇಡ ಅಂತಾನೆ ಅಂದ್ಕೊಂಡಿದ್ದೆ, ಮಾರ್ಲಿಸ್.”

“ಈಗ್ಲೂ ಆಗಲ್ಲ ಅನ್ನಬಹುದಲ್ಲ.”

“ಹೇಗೆ ಅನ್ಲಿ? ಅವನ ಮಕ್ಕಳನ್ನಂತೂ ಉಳಿಸೋಕಾಗ್ಲಿಲ್ಲ.”

ಸಂಜೆ ತಮ್ಮನ ಮನೆಗೆ ಹೋದೆ. ಅವನದೂ ಅದೇ ರಾಗ. “ಆ ಮನುಷ್ಯ ಮಣ್ಣಲ್ಲಿ ಕೂತಿದ್ದ, ಅಕ್ಕ. ಅವನಾಗೇ ಕೇಳ್ದಾಗ ಬೇಡ ಅನ್ನೋದು ಹೇಗೆ?” ಕ್ರಿಸ್ಟಾ ಮಿನಿಯಾಪೊಲಿಸ್‌ನ ಕಾಗದವನ್ನು ಮಡಿಸಿ ಹೊಲಿಗೆ ಡಬ್ಬಿಯಲ್ಲಿಟ್ಟಳು. ನನ್ನ ಮುಖ ನೋಡಿದಳು, ನಾನೇನಾದರೂ ಹೇಳುತ್ತೇನೆಂದು.

ಹೇಳಲು ನನ್ನಲ್ಲಿ ವಿಷಯವಿತ್ತು. ರೂಡ್ ಅಷ್ಟು ವರ್ಷಗಳಲ್ಲಿ ಮಾಡಿದ್ದ ಇಂಥ ಜೋಡಣೆ ಮೂರು. ಕಡತ ಎತ್ತಿಟ್ಟವಳು ನಾನು, ಮೂರರ ಗತಿಯೂ ಗೊತ್ತಿತ್ತು. ಆಸ್ಪತ್ರೆಯ ಮಾತು ಹೊರಗೆ ಆಡಬಾರದು ಎಂಬ ನಿಯಮದ ಹಿಂದೆ ಅವಿತುಕೊಂಡೆ. ಯಾರ ಹೆಸರನ್ನೂ ಎತ್ತದೆ ‘ಬೇಡ, ಮಿನಿಯಾಪೊಲಿಸ್‌ಗೇ ಹೋಗಿ’ ಎಂದಿದ್ದರೆ ಸಾಕಿತ್ತು. ಹೇಡಿತನವೇ ಹೊರತು ಬೇರೇನಲ್ಲ. ರೂಡ್‌ಗೆ ಎದುರು ಹೇಳಿ ನಾಳೆ ಅದೇ ಮೇಜಿನಲ್ಲಿ ಕೂರಬೇಕಲ್ಲ ಎಂದುಕೊಂಡೆ.

ಮಾರ್ಚಿನಲ್ಲಿ ಆಪರೇಷನ್ ಆಯಿತು. ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ನಾಲ್ಕು ಗಂಟೆ ದುಡಿದು ಹೊರಬಂದ ರೂಡ್ ಬೆವೆತಿದ್ದರು. ಮೂರು ತಿಂಗಳಿಗೆ ಪರೀಕ್ಷೆ, ವೀರ್ಯಾಣು ಒಂದೂ ಇಲ್ಲ. ಆರು ತಿಂಗಳಿಗೂ ಇಲ್ಲ. ವರ್ಷ ತುಂಬಿದರೂ ಇಲ್ಲ. ಆಗ ಇಬ್ಬರೂ ಮಿನಿಯಾಪೊಲಿಸ್‌ಗೆ ಹೋದರು. ಅಲ್ಲಿಯ ಸರ್ಜನ್ ರೂಡ್ ಬರೆದದ್ದನ್ನೆಲ್ಲ ಓದಿ, ದ್ರವವನ್ನು ಪರೀಕ್ಷಿಸಿದ ಹಾಗೆ ಕಾಣುವುದಿಲ್ಲ ಎಂದರಂತೆ. ಎರಡನೇ ಸಲ ಬಿಚ್ಚಿದರೆ ಗಾಯದ ಗಂಟೇ ಹೆಚ್ಚು, ಆಸೆ ಕಮ್ಮಿ. ಕ್ರಿಸ್ಟಾಗೆ ಅಷ್ಟರಲ್ಲಿ ನಲವತ್ತೊಂದು.

ಅವರು ಬಂದ ಮರುದಿನ ಹೋದೆ. ಲೈಲ್ ಹೊಲದಲ್ಲಿದ್ದ. ಕ್ರಿಸ್ಟಾ ಒಂದು ಲೋಟ ಕಾಫಿ ಕೊಟ್ಟು ಎದುರು ಕೂತಳು. ನಾನು ಕುಡಿದು ಮುಗಿಸುವವರೆಗೂ ಕಾದಳು.

“ನಮ್ಮದಕ್ಕಿಂತ ಮುಂಚೆ ರೂಡ್ ಇಂಥದ್ದು ಎಷ್ಟು ಮಾಡಿದ್ರು, ಅಕ್ಕ?”

ನಮ್ಮಲ್ಲಿ ಯಾರೂ ಹೀಗೆ ನೇರವಾಗಿ ಕೇಳುವುದಿಲ್ಲ.

“ಮೂರು.”

“ಯಾರಿಗಾದ್ರೂ ಮಗು ಆಯ್ತಾ?”

“ಇಲ್ಲ.”

ಅವಳು ನನ್ನ ಖಾಲಿ ಲೋಟ ನೋಡಿದಳು. “ಇನ್ನೊಂದು ಸ್ವಲ್ಪ ಕಾಫಿ?”

“ಬೇಡ,” ಎಂದೆ, ಅಭ್ಯಾಸಬಲದಿಂದ.

ಕ್ರಿಸ್ಟಾ ಎರಡನೇ ಸಲ ಕೇಳಲಿಲ್ಲ. ಎದ್ದು ಪಾತ್ರೆಯಲ್ಲಿದ್ದಷ್ಟನ್ನೂ ಸಿಂಕಿಗೆ ಸುರಿದು, ತೊಳೆದು, ಬೋರಲು ಹಾಕಿದಳು.